ಮಡ್ಡಿ ವಾಟರ್ಸ್‌ದು ಎಲೆಕ್ಟ್ರಿಕ್ ಮಡ್ ತಗೊಂಡೆ, ಮಾವ ದುಡ್ಡು ದಂಡ ಅಂತಿದಾರೆ, ಹೌದಾ?

ಗಾಂಧಿಬಜಾರ್_ರಿಫ್

ಎಲ್ರಿಗೂ ನಮಸ್ಕಾರ. ಇಲ್ಲಿ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡು) ಕೇಳೋರು ಎಷ್ಟ್ ಜನ ಇದೀರೋ ಗೊತ್ತಿಲ್ಲ, ಇದ್ರೆ ನಮ್ಮನೆ ಪಂಚಾಯ್ತಿ ಸ್ವಲ್ಪ ಬಗೆಹರಿಸಿ ಪುಣ್ಯ ಕಟ್ಕೊಳ್ಳಿ.

ವಿಷ್ಯ ಏನಂದ್ರೆ ಹೋದ್ ಶನಿವಾರ ಚರ್ಚ್ ಸ್ಟ್ರೀಟ್ ಹತ್ರ ಸುಮ್ನೆ ಅಡ್ಡಾಡ್ತಿದ್ದಾಗ ಒಂದ್ ಅಂಗಡೀಲಿ ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ಎಲ್‌ಪಿ ಕಣ್ಣಿಗ್ ಬಿತ್ತು, ಎಲೆಕ್ಟ್ರಿಕ್ ಮಡ್, 1968ರದ್ದು, ಅಂದ್ರೆ ಹಳೇ ಪ್ರೆಸ್ಸಿಂಗ್ ಅಲ್ಲ, ಈಚೆಗೆ ಮತ್ತೆ ಬಿಟ್ಟಿರೋದು. ಬಿಳೀ ಕವರ್ರು, ಮೇಲೆ ಬರೀ ಹೆಸ್ರು. ರೇಟ್ ಎಷ್ಟು ಅಂತ ಬರೆಯಲ್ಲ, ನಮ್ಮಕ್ಕ ಇದನ್ನೆಲ್ಲಾ ಓದ್ತಾಳೆ.

ಈಗ ನಮ್ ಮಾವನ ಬಗ್ಗೆ ಹೇಳ್ಬೇಕು. ಅಮ್ಮನ ತಮ್ಮ, ಹನುಮಂತನಗರದಲ್ಲಿದಾರೆ, ಫ್ಯಾಕ್ಟ್ರಿ ಕೆಲ್ಸದಿಂದ ರಿಟೈರಾಗಿ ನಾಲ್ಕು ವರ್ಷ ಆಯ್ತು. ನಂಗೆ ಈ ಹುಚ್ಚು ಹಿಡಿಸಿದ್ದೇ ಅವ್ರು. ಮನೇಲಿ ಒಂದ್ ಬೀರು ತುಂಬ ಕ್ಯಾಸೆಟ್ಟು, ಒಂದೊಂದ್ರ ಮೇಲೂ ಮುತ್ತಿನಂಥ ಅಕ್ಷರದಲ್ಲಿ ಹಾಡಿನ್ ಹೆಸ್ರು, ತಾರೀಖು, ಯಾವ ಫ್ರೆಂಡ್ ಹತ್ರ ಕಾಪಿ ಹೊಡ್ಸಿದ್ದು ಅಂತ ಸಮೇತ ಬರ್ದಿಟ್ಟಿದಾರೆ. ಮಡ್ಡಿ ವಾಟರ್ಸ್ ಅಂದ್ರೆ ಅವ್ರಿಗೆ ಮನೆದೇವ್ರಿದ್ದಂಗೆ. ಭಾನುವಾರ ಊಟಕ್ ಬಂದಿದ್ರು, ಊಟ ಆಗಿ ಕಾಫಿ ಕೊಟ್ಟು, ಒಂದ್ ಐಟಂ ತಂದಿದೀನಿ ಕೇಳಿ ಮಾವ ಅಂತ ಜಂಬದಿಂದ ಹಾಕ್ದೆ. ಹಾಡು ಶುರುವಾಗಿ ಒಂದ್ ನಿಮಿಷ ಆಗಿರ್ಲಿಲ್ಲ, ಗಿಟಾರು ಕುಯ್ಯೋ ಅಂತ ಅಳೋಕ್ ಹತ್ಕೊಳ್ತು, ಅಡುಗೆಮನೆಯಿಂದ ಅಮ್ಮ "ಪಕ್ಕದ್ಮನೇಲಿ ಮತ್ತೆ ಡ್ರಿಲ್ಲಿಂಗ್ ಶುರು ಹಚ್ಕೊಂಡ್ರಾ" ಅಂದ್ರು. ಮಾವ ಲೋಟ ಕೆಳಗಿಟ್ಟು, "ಈ ರೆಕಾರ್ಡು ಮಡ್ಡೀಗೇ ಸೇರ್ತಿರ್ಲಿಲ್ಲ ಕಣೋ, ದುಡ್ಡು ದಂಡ ಮಾಡ್ಬಿಟ್ಟೆ" ಅಂತ ಎದ್ದು ವರಾಂಡಕ್ಕೆ ಪೇಪರ್ ಓದಕ್ ಹೋದ್ರು.

ನಿಜ ಹೇಳ್ಬೇಕಂದ್ರೆ ನಂಗೆ ಇಷ್ಟ ಆಯ್ತು. ಆದ್ರೆ ಇಷ್ಟ ಆಗಿದ್ದು ಬ್ಲೂಸ್ ಅಂತಾನೋ ರಾಕ್ ಅಂತಾನೋ ಗೊತ್ತಾಗ್ತಿಲ್ಲ, ಮಾವನ ಮುಖ ನೋಡಿದ್ಮೇಲೆ ಇಷ್ಟ ಆಗಿದ್ದೇ ತಪ್ಪೇನೋ ಅನ್ನಿಸ್ತಿದೆ. ಅವ್ನಿಗೆ ಸೇರ್ತಿರ್ಲಿಲ್ಲ ಅನ್ನೋದು ನಿಜಾನಾ? ಸೇರ್ದೇ ಇದ್ರೆ ಯಾಕ್ ಮಾಡ್ದ? ಇನ್ನೊಂದು, ನಾವ್ ಮೂರು ಜನ ಸೇರ್ಕೊಂಡು ಬಸವನಗುಡೀಲಿ ಒಬ್ನ ಮನೆ ಶೆಡ್ಡಲ್ಲಿ ಬಾರಿಸ್ತೀವಿ, ಮುಂದಿನ್ ತಿಂಗ್ಳು ಫ್ರೆಂಡ್ ಕೆಫೇಲಿ ಚಿಕ್ಕದೊಂದು ಪ್ರೋಗ್ರಾಂ ಇದೆ, ಈ ರೆಕಾರ್ಡಲ್ಲಿರೋ ಥರ ಮ್ಯಾನಿಶ್ ಬಾಯ್ ಹಾಡು ನುಡಿಸಣ ಅಂತ ಯೋಚ್ನೆ. ಮಾಡ್ಬೋದಾ, ನಗ್ತಾರಾ?

ಅರಮನೆಮೈದಾನ_2003

ಗುರು ನಿಮ್ ಮಾವನಿಗೆ ನಂದೊಂದು ನಮಸ್ಕಾರ ಹೇಳಿ, ಬೀರು ತುಂಬ ಕ್ಯಾಸೆಟ್ ಇಟ್ಕೊಂಡಿರೋರು ಈಗ ಎಲ್ಲಿ ಸಿಗ್ತಾರೆ. ಅವ್ರ್ ಹೇಳಿದ್ ಮಾತು ಸರಿ, ಮಡ್ಡೀಗೆ ಆ ರೆಕಾರ್ಡ್ ಕಂಡ್ರೆ ಆಗ್ತಿರ್ಲಿಲ್ಲ, ಅದನ್ನ ಅವ್ನೇ ಎಷ್ಟೋ ಸಲ ಹೇಳ್ಕೊಂಡಿದಾನೆ. ದೊಡ್ಡ ಆಂಪು, ಕಾಲಲ್ಲಿ ತುಳಿದು ಗಿಟಾರ್ ಸದ್ದು ಬದಲಾಯ್ಸೋ ವಾ-ವಾ ಪೆಡಲ್ಲು ಇಲ್ದೆ ಗಿಟಾರ್ ಮಾತಾಡಲ್ಲ ಅಂದ್ರೆ ನಿಂಗೆ ಬ್ಲೂಸ್ ಬರಲ್ಲ ಅಂತ ಅರ್ಥ, ಅನ್ನೋದು ಅವ್ನ ವಾದ. ಇನ್ನೊಂದ್ ಸಂಕಟ ಏನಂದ್ರೆ ರೆಕಾರ್ಡ್ ಮಾರ್ಕೆಟ್ಟಿಗ್ ಬಂತು, ಆದ್ರೆ ಅವ್ನ ಖಾಯಂ ಬ್ಯಾಂಡಲ್ಲಿ ಅದನ್ನ ನುಡಿಸೋಕಾಗ್ತಿರ್ಲಿಲ್ಲ, ಸ್ಟೇಜ್ ಮೇಲೆ ಬಾರಿಸಕ್ಕೇ ಆಗ್ದಿರೋ ರೆಕಾರ್ಡ್ ಇಟ್ಕೊಂಡು ಏನ್ ಮಾಡ್ಲಿ ಅಂತ ಅವ್ನ ಪ್ರಶ್ನೆ.

ಯಾಕ್ ಮಾಡ್ದ ಅಂದ್ರೆ ಸ್ವಲ್ಪ ಹಿಂದಕ್ ಹೋಗ್ಬೇಕು. ಮಿಸಿಸಿಪ್ಪಿ ಹತ್ತಿ ತೋಟದಲ್ಲಿ ಬೆಳ್ದೋನು, ಹೆಸ್ರು ಮೆಕಿನ್ಲಿ ಮಾರ್ಗನ್‌ಫೀಲ್ಡ್, ಚಿಕ್ ಹುಡುಗ ಆಗಿದ್ದಾಗ ಯಾವಾಗ್ಲೂ ಕೆಸರು ನೀರಲ್ಲಿ ಬಿದ್ದಿರ್ತಿದ್ದ ಅಂತ ಅಜ್ಜಿ ಮಡ್ಡಿ ಅಂತ ಕರೆದ್ರು. 1941ರಲ್ಲಿ ಅಲನ್ ಲೋಮ್ಯಾಕ್ಸ್ ಅನ್ನೋರು ಲೈಬ್ರರಿ ಆಫ್ ಕಾಂಗ್ರೆಸ್‌ಗೋಸ್ಕರ ಜಾನಪದ ಹಾಡು ರೆಕಾರ್ಡ್ ಮಾಡ್ಕೊಂಡು ಹಳ್ಳಿ ಹಳ್ಳಿ ಸುತ್ತುತಾ ಇವ್ನ ಮನೆಗ್ ಬಂದ್ರು, ಆವತ್ತು ತನ್ನ ದನಿ ತಾನೇ ಕೇಳಿಸ್ಕೊಂಡ ಮೇಲೆ ಅವ್ನಿಗೆ ಅರೆ ನಾನೂ ಹಾಡ್ಬಲ್ಲೆ ಅನ್ನೋ ಧೈರ್ಯ ಬಂತು, 1943ರಲ್ಲಿ ಶಿಕಾಗೋಗೆ ಹೊರಟ್ಬಿಟ್ಟ. ಅಲ್ಲಿ ಬಾರಲ್ಲಿ ಕುಡ್ಕೊಂಡು ಕೂಗಾಡೋ ಜನದ ಮಧ್ಯೆ ಮರದ ಗಿಟಾರ್ ಯಾರಿಗ್ ಕೇಳ್ಬೇಕು? ಅವ್ನ ಅಂಕಲ್ ಒಬ್ರು, ಮಾವನೋ ದೊಡ್ಡಪ್ಪನೋ ಇಂಗ್ಲಿಷ್ನೋರಿಗೆ ಎಲ್ಲಾ ಒಂದೇ, ಒಂದು ಎಲೆಕ್ಟ್ರಿಕ್ ಗಿಟಾರ್ ಕೊಡ್ಸಿದ್ರು. ಅಲ್ಲಿಂದ ಶುರುವಾಗಿದ್ದು ಇವತ್ತು ನಾವು ರಾಕ್ ಅಂತ ಏನೇನ್ ಕರೀತೀವೋ ಅದೆಲ್ಲಾ.

ಈಗ 1968ಕ್ಕೆ ಬರಣ. ಮಡ್ಡೀಗೆ ಐವತ್ತು ದಾಟಿದೆ. ಕಪ್ಪು ಹುಡುಗ್ರು ಸೋಲ್ ಮ್ಯೂಸಿಕ್ ಕೇಳ್ತಿದಾರೆ, ಅವ್ರಿಗೆ ಬ್ಲೂಸು ಅಂದ್ರೆ ಅಪ್ಪಂದ್ರ ಕಾಲದ್ದು. ಬಿಳೀ ಹುಡುಗ್ರು ಹೆಂಡ್ರಿಕ್ಸು, ಕ್ರೀಮು ಅಂತ ರಾಕ್ ಹಿಂದೆ ಹುಚ್ಚೆದ್ದು ಹೋಗಿದಾರೆ, ಅವ್ರೆಲ್ಲಾ ನುಡಿಸ್ತಿರೋದು ಇವ್ನದ್ದೇ ಸರಕು, ದುಡ್ಡು ಮಾತ್ರ ಇವ್ನಿಗ್ ಬರ್ತಿಲ್ಲ. ಚೆಸ್ ರೆಕಾರ್ಡ್ಸ್ ಮಾಲೀಕ ಲಿಯೊನಾರ್ಡ್ ಚೆಸ್‌ನ ಮಗ ಮಾರ್ಷಲ್ ಚೆಸ್ಸು ಕೆಡೆಟ್ ಕಾನ್ಸೆಪ್ಟ್ ಅಂತ ಹೊಸ ಲೇಬಲ್ ಮಾಡ್ಕೊಂಡಿದ್ದ, ಅವ್ನ ತಲೇಗೆ ಬಂದಿದ್ದು ಈ ಐಡಿಯಾ, ಮಡ್ಡಿ ಕೈಲಿ ಹಾಡ್ಸಿ ಹಿಂದ್ಗಡೆ ಈಗಿನ ಕಾಲದ ಸದ್ದು ಹಾಕಣ ಅಂತ. ಪೀಟ್ ಕೋಸಿ, ಫಿಲ್ ಅಪ್‌ಚರ್ಚ್, ರೋಲಂಡ್ ಫಾಕ್ನರ್ ಗಿಟಾರ್, ಲೂಯಿಸ್ ಸ್ಯಾಟರ್‌ಫೀಲ್ಡ್ ಬೇಸ್, ಮಾರಿಸ್ ಜೆನ್ನಿಂಗ್ಸ್ ಡ್ರಮ್ಸ್, ಚಾರ್ಲ್ಸ್ ಸ್ಟೆಪ್ನಿ ಆರ್ಗನ್, ಜೀನ್ ಬಾರ್ಜ್ ಸ್ಯಾಕ್ಸು. ಒಬ್ಬೊಬ್ರೂ ಪಂಟ್ರು. ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟೀಲಿ 127ರ ತನಕ ಬಂತು. 127ಕ್ಕೆ ಇಷ್ಟೊಂದ್ ಕುಣೀಬೇಕಾ ಅಂದ್ರೆ, ಅಲ್ಲೀವರೆಗೆ ಮಡ್ಡಿ ಆಲ್ಬಂ ಒಂದೂ ಆ ಪಟ್ಟೀಲಿ ಮುಖ ತೋರ್ಸಿರ್ಲಿಲ್ಲ ಕಣಪ್ಪ.

ನನ್ ಹೆಸ್ರು ನೋಡಿದ್ರೆ ಗೊತ್ತಾಗತ್ತೆ, 2003ರ ಏಪ್ರಿಲಲ್ಲಿ ರೋಲಿಂಗ್ ಸ್ಟೋನ್ಸ್ ನಮ್ ಅರಮನೆ ಮೈದಾನಕ್ಕೆ ಬಂದಾಗ ನಾನ್ ಅಲ್ಲಿದ್ದೆ, ಹಿಂದ್ಗಡೆ ಎಲ್ಲೋ, ಮಿಕ್ ಜ್ಯಾಗರ್ ನನ್ ಕಿರುಬೆರಳಷ್ಟು ಕಾಣ್ತಿದ್ದ. ಆ ಬ್ಯಾಂಡಿನ ಹೆಸ್ರೇ ಮಡ್ಡಿಯ 1950ರ ಹಾಡಿಂದ ಎತ್ಕೊಂಡಿದ್ದು. ಎಲೆಕ್ಟ್ರಿಕ್ ಮಡ್ ಮೂರ್ನೇ ಹಾಡು ನೋಡಿ, ಅದು ಸ್ಟೋನ್ಸ್ ಹಾಡು, ಮಡ್ಡಿ ಹಾಡಿದಾನೆ. ಮೊಮ್ಮಗನ ಟೀ ಶರ್ಟು ತಾತ ಹಾಕ್ಕೊಂಡಂಗೆ. ನಂಗೆ ಮಾತ್ರ ಆ ಶರ್ಟು ತಾತನಿಗೇ ಚೆನ್ನಾಗ್ ಒಪ್ಪತ್ತೆ ಅನ್ನಿಸ್ತು.

ಪ್ಯೂರ್‌ಬ್ಲೂಸ್_ಮಲ್ಲೇಶ್ವರಂ

ಒಪ್ಪತ್ತಾ? ದಯವಿಟ್ಟು ಇನ್ನೊಂದ್ಸಲ ಕೇಳಿ. ಹಾಡ್ತಿರೋನು ಒಬ್ಬ, ಬ್ಯಾಂಡು ಇನ್ಯಾವ್ದೋ ಮದ್ವೆ ಮನೇದು ಅನ್ನೋ ಥರ ಇದೆ. ನೀವು ಹೇಳಿದ್ ಹೆಸ್ರಲ್ಲಿ ಒಂದು ಗಮನಿಸಿದ್ರಾ, ಗಿಟಾರ್ ಅಂತ ಮೂರು ಜನದ್ ಹೆಸ್ರು ಬರ್ದ್ರಿ, ಅದ್ರಲ್ಲಿ ಮಡ್ಡಿ ಇಲ್ಲ. ಆ ರೆಕಾರ್ಡಲ್ಲಿ ಅವ್ನು ಗಿಟಾರ್ ಮುಟ್ಟಿಲ್ಲ, ಬರೀ ಹಾಡಿದಾನೆ. ಕಿರುಬೆರಳಿಗೆ ಆ ಕಬ್ಬಿಣದ ಸ್ಲೈಡ್ ಕೊಳವೆ ಸಿಗ್ಸಿಕೊಂಡು ಕೆಂಪು ಟೆಲಿಕಾಸ್ಟರ್ ಗಿಟಾರ್ ಮೇಲೆ ಒಂದೇ ಒಂದ್ ಸಲ ಎಳೆದ್ರೆ ಮೈ ಜುಮ್ ಅನ್ನೋ ಕೈ ಅದು, ಆ ಕೈ ಕಟ್ಟಿ ಕೂರ್ಸಿ ಬಾಯಿ ಮಾತ್ರ ಬಾಡಿಗೆಗ್ ತಗೊಂಡ್ರೆ ಅದನ್ನ ಮಡ್ಡಿ ರೆಕಾರ್ಡು ಅಂತ ಹೆಂಗ್ ಕರೆಯೋದು ಹೇಳಿ.

ಚೆಸ್ನೋರು ಅಲ್ಲಿಗೇ ನಿಲ್ಲಿಸ್ಲಿಲ್ಲ, ಅದೇ ವರ್ಷ ಕೊನೇಲಿ ಅದೇ ಗುಂಪು ಕಟ್ಕೊಂಡು ಹೌಲಿನ್ ವುಲ್ಫ್ ಅನ್ನೋ ಇನ್ನೊಬ್ಬ ಬ್ಲೂಸ್ ಹಾಡುಗಾರನ ಹತ್ರಾನೂ ಹೋದ್ರು. ವುಲ್ಫ್ ಪೀಟ್ ಕೋಸಿನ ಮೇಲಿಂದ ಕೆಳಗೊಂದ್ಸಲ ನೋಡಿ, ಆ ನಿನ್ ವಾ-ವಾ ಡಬ್ಬೀನೆಲ್ಲಾ ತಗೊಂಡೋಗಿ ಕೆರೆಗೆ ಎಸಿ, ಹಂಗೇ ದಾರೀಲಿ ಕಟಿಂಗ್ ಮಾಡಿಸ್ಕೊ ಅಂದ್ನಂತೆ. ಶಿಕಾಗೋದಲ್ಲಿ ಕೆರೆ ಅಂದ್ರೆ ಲೇಕ್ ಮಿಶಿಗನ್ನು, ಸ್ಯಾಂಕಿ ಕೆರೆ ಅಲ್ಲ. ಕಂಪನಿಯೋರ ಧೈರ್ಯ ನೋಡಿ, ಇದು ಹೌಲಿನ್ ವುಲ್ಫ್ ಹೊಸ ಆಲ್ಬಂ, ಅವ್ನಿಗೆ ಇದು ಇಷ್ಟ ಇಲ್ಲ, ಮೊದಮೊದಲು ಎಲೆಕ್ಟ್ರಿಕ್ ಗಿಟಾರೂ ಇಷ್ಟ ಇರ್ಲಿಲ್ಲ ಅಂತ ಕವರ್ ಮೇಲೇ ದೊಡ್ಡಕ್ಷರದಲ್ಲಿ ಅಚ್ಚು ಹಾಕ್ಸಿದ್ರು!

ಮುದುಕ ಬ್ಲೂಸ್ ಗಿಟಾರಿಸ್ಟ್ ರಾಕ್ ಅಂಡ್ ರೋಲ್ ಮಾಡಿದ್ರೆ ಹೆಂಗಿರ್ಬೇಕು ಅಂತ ಕೇಳಿ, ಮಡ್ಡಿಯದ್ದೇ ಹಾರ್ಡ್ ಅಗೇನ್ ಆಲ್ಬಂ ಕೇಳಿ ಅಂತೀನಿ. 1977. ಗಿಟಾರಿಸ್ಟ್ ಜಾನಿ ವಿಂಟರ್ ಪ್ರೊಡ್ಯೂಸ್ ಮಾಡಿದ್ದು, ಕನೆಟಿಕಟ್ಟಲ್ಲಿ ಮೂರೇ ದಿನದಲ್ಲಿ ಮುಗಿಸಿದ್ರು, ಎಲ್ರೂ ಒಂದೇ ರೂಮಲ್ಲಿ ಕೂತ್ಕೊಂಡು, ಮೌತ್ ಆರ್ಗನ್ ಜೇಮ್ಸ್ ಕಾಟನ್, ಪಿಯಾನೋ ಪೈನ್‌ಟಾಪ್ ಪರ್ಕಿನ್ಸ್, ಡ್ರಮ್ಸ್ ವಿಲ್ಲಿ ಸ್ಮಿತ್. ಅದ್ರಲ್ಲಿ ಬ್ಲೂಸಿಗೆ ಮಗು ಹುಟ್ತು ಅದಕ್ಕೆ ರಾಕ್ ಅಂಡ್ ರೋಲ್ ಅಂತ ಹೆಸ್ರಿಟ್ರು ಅನ್ನೋ ಅರ್ಥದ್ದೇ ಒಂದ್ ಹಾಡಿದೆ. ಗ್ರ್ಯಾಮಿ ಬಂತು. ವಾ-ವಾ ಪೆಡಲ್ ಒಂದೂ ಬೇಕಾಗ್ಲಿಲ್ಲ. ಮ್ಯಾನಿಶ್ ಬಾಯ್ ಕಲೀಬೇಕಿದ್ರೆ ಅದ್ರ ಮೊದಲ್ನೇ ಹಾಡೇ ಅದು, ಹಿಂದ್ಗಡೆ ಜಾನಿ ವಿಂಟರ್ ಖುಷಿ ತಡ್ಕೊಳಕ್ಕಾಗ್ದೆ ಕಿರ್ಚಾಡೋದು ಕೇಳಿಸತ್ತೆ.

ಬರೀ_ಅಣ್ಣಾವ್ರು

ನಂಗೆ ಬ್ಲೂಸೂ ಗೊತ್ತಿಲ್ಲ ಗ್ರೀನ್ಸೂ ಗೊತ್ತಿಲ್ಲ, ಸುಮ್ನೆ ಓದ್ತಾ ಇದ್ದೆ. ಒಂದ್ ಡೌಟು. ದೊಡ್ಡೋರು ಹೊಸ ಕಾಲದ ಸಂಗೀತಕ್ಕೆ ಹಾಡಿದ್ರೆ ತಪ್ಪಾ? 1978ರಲ್ಲಿ ಆಪರೇಷನ್ ಡೈಮಂಡ್ ರಾಕೆಟ್‌ಗೆ ಅಣ್ಣಾವ್ರು ಇಂಗ್ಲಿಷಲ್ಲಿ ಇಫ್ ಯು ಕಮ್ ಟುಡೇ ಅಂತ ಹಾಡಿದ್ರು, ಜಿ.ಕೆ. ವೆಂಕಟೇಶ್ ಮ್ಯೂಸಿಕ್ಕು. ಆವಾಗ್ಲೇ ಐವತ್ತರ ಹತ್ರ ಅವ್ರಿಗೆ. ನಾಟಕದ ಕಂಪನೀಲಿ ಕಂದ ಪದ್ಯ ಹಾಡ್ಕೊಂಡ್ ಬಂದ ಗಂಟಲು ಅದು. ಈಗ್ಲೂ ಆರ್ಕೆಸ್ಟ್ರಾದಲ್ಲಿ ಆ ಹಾಡ್ ಶುರುವಾದ್ರೆ ಶಿಳ್ಳೆ ಬೀಳತ್ತೆ. ಅಷ್ಟೇ ನನ್ ಮಾತು, ಕಂಟಿನ್ಯೂ ಮಾಡಿ.

ಅರಮನೆಮೈದಾನ_2003

ಅಣ್ಣಾ ನಿಮ್ ಕಾಲಿಗ್ ಬಿದ್ದೆ, ಈ ಹೋಲಿಕೆ ನಂಗ್ ಹೊಳೀಲೇ ಇಲ್ವಲ್ಲ.

ಪ್ಯೂರ್‌ಬ್ಲೂಸ್_ಮಲ್ಲೇಶ್ವರಂ

ಅಣ್ಣಾವ್ರು ಅದನ್ನ ಖುಷಿಯಿಂದ ಹಾಡಿದ್ರು, ಹಾಡಲ್ಲೇ ಗೊತ್ತಾಗತ್ತೆ. ಮಡ್ಡಿ ವಿಷ್ಯ ಬೇರೆ. ಬೇರೆ ಅನ್ನೋದಕ್ಕೇ ಇಷ್ಟೆಲ್ಲಾ ಬರ್ದಿದ್ದು.

ಮೂರುವರೆ_ಸ್ವರ

ಎಲ್ರೂ ರೆಕಾರ್ಡ್ ಕಂಪನಿ ಬಗ್ಗೆ ಮಾತಾಡ್ತಿದೀರ, ಸಂಗೀತದ ಬಗ್ಗೆ ಸ್ವಲ್ಪ ಮಾತಾಡಣ್ವಾ? ನಾನು ಹನ್ನೆರಡು ವರ್ಷ ಕರ್ನಾಟಕ ಸಂಗೀತ ಕಲ್ತೋಳು, ಆಮೇಲೆ ಕಾಲೇಜಲ್ಲಿ ಗಿಟಾರ್ ಹಿಡ್ದೆ, ನಮ್ ಟೀಚರ್ ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಮೊದ್ಲು ಮಡ್ಡಿ ಅವ್ರ ದನಿ. ಬ್ಲೂಸಲ್ಲಿ ಗಾಂಧಾರ ಒಂದ್ ಜಾಗದಲ್ಲಿ ಕೂರಲ್ಲ. ನಮ್ ಲೆಕ್ಕದಲ್ಲಿ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ಮಧ್ಯೆ ಎಲ್ಲೋ ನಿಂತಿರತ್ತೆ, ಪಿಯಾನೋದಲ್ಲಿ ಆ ಜಾಗಕ್ಕೆ ಮನೇನೇ ಇಲ್ಲ, ಆದ್ರಿಂದ ಪಿಯಾನೋದವ್ರು ಎರಡೂ ಮನೆ ಒಟ್ಟಿಗೆ ಒತ್ತಿ ಸುಧಾರಿಸ್ಕೋತಾರೆ. ಗಂಟಲಿಗೆ, ಸ್ಲೈಡಿಗೆ ಆ ತೊಂದ್ರೆ ಇಲ್ಲ, ಚಿತ್ರವೀಣೆ ಥರ ತಂತಿ ಮೇಲೆ ಜಾರ್ಕೊಂಡು ಎಲ್ಲಿ ಬೇಕೋ ಅಲ್ಲಿ ನಿಲ್ಬೋದು. ಎಲೆಕ್ಟ್ರಿಕ್ ಮಡ್ ಹಾಕ್ಕೊಂಡು ಗಿಟಾರ್ ಸದ್ದನ್ನ ಮನಸಲ್ಲೇ ಪಕ್ಕಕ್ಕಿಟ್ಟು ದನಿ ಒಂದನ್ನೇ ಹಿಡ್ಕೊಂಡು ಹೋಗಿ. ಐವತ್ತರ ದಶಕದಲ್ಲಿ ಯಾವ್ ಜಾಗದಲ್ಲಿ ನಿಲ್ತಿದ್ರೋ ಇಲ್ಲೂ ಅಲ್ಲೇ ನಿಲ್ತಾರೆ, ಒಂದ್ ಕೂದ್ಲೆಳೆ ಆಚೀಚೆ ಇಲ್ಲ. ಇಷ್ಟ ಇಲ್ದೆ ಹಾಡಿದ್ರೂ ಅಪಸ್ವರ ಹಾಡಕ್ಕೆ ಬರ್ಲಿಲ್ಲ ಆ ಮನುಷ್ಯನಿಗೆ. ನಂಗೆ ಈ ರೆಕಾರ್ಡ್ ಹಿಡಿಸೋದೇ ಅದ್ರಿಂದ.

ಇನ್ನು ವಾ-ವಾ. ಅದು ಏನೂ ಮಾಟ ಅಲ್ಲ, ಪಾದದಲ್ಲಿ ಪೆಡಲ್ ತುಳಿದಂಗೆ ಯಾವ ಫ್ರೀಕ್ವೆನ್ಸಿ ಎದ್ದು ಕೇಳ್ಬೇಕು ಅನ್ನೋದು ಕೆಳಗಿಂದ ಮೇಲಕ್ಕೆ ಸರಿಯತ್ತೆ, ಅಷ್ಟೇ. ನೀವು ಬಾಯಲ್ಲಿ ಊ ಅಂತ ಶುರು ಮಾಡಿ ಆ ಅಂತ ಬಾಯಿ ತೆರೀರಿ, ಅದೇ ವಾ-ವಾ. ಅಂದ್ರೆ ಗಿಟಾರಿಗೆ ಬಾಯಿ ಬರ್ಸೋ ಯಂತ್ರ. ಸ್ಲೈಡ್ ಮಾಡ್ತಿದ್ದಿದ್ದೂ ಅದೇ ಕೆಲ್ಸ, ತಂತಿ ಹತ್ರ ಮಾತಾಡ್ಸೋದು. ಹಾಗಾಗಿ ಮಡ್ಡಿ ಅವ್ರು ವಾ-ವಾ ಬೈದಾಗ ನಂಗೆ ಸ್ವಲ್ಪ ನಗು ಬರತ್ತೆ, 1958ರಲ್ಲಿ ಅವ್ರು ಇಂಗ್ಲೆಂಡಿಗೆ ಎಲೆಕ್ಟ್ರಿಕ್ ಗಿಟಾರ್ ತಗೊಂಡು ಹೋದಾಗ ಅಲ್ಲಿನ ಮಡಿವಂತ್ರು ಇದೇನ್ ಕಿರ್ಚಾಟ ಇದು ಬ್ಲೂಸಾ ಅಂತ ಮೂಗು ಮುರಿದ್ರು. ಕೆಲವು ವರ್ಷ ಬಿಟ್ಟು ಪಾಪ ಮರದ ಗಿಟಾರ್ ತಗೊಂಡು ಹೋದ್ರೆ ಅಷ್ಟರಲ್ಲಿ ಅವ್ರೆಲ್ಲಾ ಎಲೆಕ್ಟ್ರಿಕ್ ಬೇಕು ಅಂತ ಕೂತಿದ್ರು.

ನಮ್ಮಲ್ಲೂ ಇದು ಹೊಸ್ದಲ್ಲ. ಮಲ್ಲೇಶ್ವರಂ ಸಾರ್, ನಿಮ್ ಮನೆ ಹತ್ರ ಪಿಟೀಲಿನ ಆಕಾರದ ಚೌಡಯ್ಯ ಹಾಲ್ ಇದ್ಯಲ್ಲ, ಆ ಟಿ. ಚೌಡಯ್ಯ ಅವ್ರು ಏಳು ತಂತಿ ಪಿಟೀಲು ಯಾಕ್ ಮಾಡ್ಕೊಂಡ್ರು? ಮೈಕ್ ಇಲ್ದಿದ್ದ ಕಾಲದಲ್ಲಿ ನಾಲ್ಕು ತಂತಿ ಪಿಟೀಲಿನ ನಾದ ಹಿಂದಿನ್ ಸಾಲಿಗೆ ಮುಟ್ತಿರ್ಲಿಲ್ಲ ಅಂತ. ಶಿಕಾಗೋ ಬಾರಲ್ಲಿ ಮಡ್ಡಿ ಅವ್ರಿಗೆ ಬಂದಿದ್ದೂ ಅದೇ ಕಷ್ಟ. ಕೇಳಿಸ್ಬೇಕು ಅನ್ನೋ ಹಠದಿಂದ ವಾದ್ಯ ಬದಲಾಯ್ಸಿದ್ರು, ಬದಲಾಯ್ಸಿದ್ಮೇಲೆ ಸಂಗೀತಾನೂ ಸ್ವಲ್ಪ ಬದಲಾಯ್ತು.

ಆದ್ರೆ ಗಿಟಾರ್ ಅವ್ರ ಕೈಲಿ ಇರ್ಲಿಲ್ಲ ಅನ್ನೋ ಮಾತಿಗೆ ನನ್ ಹತ್ರ ಉತ್ರ ಇಲ್ಲ. ಚೌಡಯ್ಯನವ್ರ ಏಳು ತಂತಿ ಪಿಟೀಲನ್ನ ಚೌಡಯ್ಯನವ್ರೇ ನುಡಿಸಿದ್ರು.

ಪ್ಯೂರ್‌ಬ್ಲೂಸ್_ಮಲ್ಲೇಶ್ವರಂ

ಕೊನೇ ಸಾಲು ಬರ್ದ್ರಲ್ಲ, ಅದನ್ನೇ ನಾನು ಮೇಲೆ ಒಂದ್ ಪುಟ ಕೂಗಾಡಿದ್ದು. ಇರ್ಲಿ, ದನಿ ವಿಷ್ಯ ಒಪ್ಕೋತೀನಿ. ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಇನ್ನೊಂದ್ಸಲ ಕೇಳ್ದೆ, ಸೇಮ್ ಥಿಂಗ್ ಅನ್ನೋ ಕೊನೇ ಹಾಡಲ್ಲಿ ದನಿ ನಿಜವಾಗ್ಲೂ ಬೆಂಕಿ. ಮಿಕ್ಕಿದ್ದಕ್ಕೆ ನನ್ ಅಭಿಪ್ರಾಯ ಹಂಗೇ ಇದೆ.

ಫ್ಯೂಸ್_ಕ್ಯಾರಿಯರ್

ಪ್ರಶ್ನೆ ಕೇಳಿದ್ ಹುಡುಗ ಪ್ರೋಗ್ರಾಂ ಬಗ್ಗೆ ಕೇಳಿದ್ನಲ್ಲಾ, ಅದನ್ನ ಎಲ್ರೂ ಮರ್ತ್ಬಿಟ್ರಿ. ನಾನ್ ಸಣ್ಣಪುಟ್ಟ ಬ್ಯಾಂಡಿಗೆ ಸೌಂಡ್ ಮಾಡ್ತೀನಿ, ಆಂಪ್ ರಿಪೇರಿನೂ ಮಾಡ್ತೀನಿ.

ಮ್ಯಾನಿಶ್ ಬಾಯ್ ನೋಡಕ್ಕೆ ಸುಲಭ, ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಸೋ ಸ್ವರದ ಗುಂಪು, ಬದಲಾಗೋದೇ ಇಲ್ಲ, ತಂಬೂರಿ ಥರ ಒಂದೇ ಶ್ರುತಿ, ಅದ್ರ ಮೇಲೆ ಮತ್ತೆ ಮತ್ತೆ ಬರೋ ಐದು ಪೆಟ್ಟಿನ ಒಂದ್ ರಿಫ್ಫು. ಸಾಮಾನ್ಯ ಬ್ಲೂಸ್ ಹನ್ನೆರಡು ಬಾರಲ್ಲಿ (ಅಂದ್ರೆ ತಾಳದ ಹನ್ನೆರಡು ಆವರ್ತದಲ್ಲಿ) ಮೂರ್ ಕಾರ್ಡ್ ಸುತ್ಕೊಂಡ್ ಬರತ್ತೆ, ಇದ್ರಲ್ಲಿ ಆ ಆಧಾರ ಇಲ್ಲ, ಬರೀ ಪೆಟ್ಟು ಮತ್ತೆ ಗ್ಯಾಪು. ಬ್ಯಾಂಡ್ನೋರು ಎಡವೋದು ಆ ಗ್ಯಾಪಲ್ಲೇ. ರಿಫ್ ಹೊಡ್ದು ಸುಮ್ನಿರಕ್ಕೆ ಕೈ ಕೇಳಲ್ಲ, ಡ್ರಮ್ಮರ್ ಹುಡುಗ ಖಾಲಿ ಕಂಡ ತಕ್ಷಣ ತುಂಬ್ಸಕ್ ಹೋಗ್ತಾನೆ. ಮೃದಂಗದಲ್ಲಿ ಕಾರ್ವೆ ಅಂತಾರಲ್ಲ, ಬಿಟ್ಟ ಜಾಗಾನೂ ತಾಳದ ಲೆಕ್ಕಾನೇ, ಹಂಗೆ. ಆ ಜಾಗ ಹಾಡೋನದ್ದು. ಮೊದ್ಲು ಪೆಡಲ್ ಎಲ್ಲಾ ಚೀಲದಲ್ಲಿಟ್ಟು 1955ರ ಒರಿಜಿನಲ್ ಥರ ನಿಧಾನಕ್ಕೆ ಎರಡು ವಾರ ನುಡಿಸಿ, ನಿಂತ್ಕೊಂಡ್ ಮೇಲೆ ಸದ್ದು ಒರಟು ಮಾಡೋ ಫಝ್ಝು, ವಾ-ವಾ ತೆಗೀರಿ.

ಇನ್ನು ಕರೆಂಟ್ ವಿಷ್ಯ, ಇದು ಸೀರಿಯಸ್ಸು. ಬಸವನಗುಡಿ ಹಳೇ ಮನೆ ಶೆಡ್ಡು ಅಂತೀರ, ಅರ್ಥಿಂಗ್ ಸರಿ ಇರೋದು ಡೌಟೇ. ಫಝ್ ಪೆಡಲ್ ಹಾಕಿದ್ ತಕ್ಷಣ ಗುಂಯ್ ಅಂತ ಸದ್ದು ಬಂದ್ರೆ ಪೆಡಲ್ ಕೆಟ್ಟಿದೆ ಅಂತ ಎಸ್ಪಿ ರೋಡಿಗೆ ಓಡ್ಬೇಡಿ, ಮೊದ್ಲೇ ಇದ್ದ ಗುಂಯ್‌ನ ಫಝ್ಝು ಗಿಟಾರ್ ಸಿಗ್ನಲ್ ಜೊತೆ ಸೇರ್ಸಿ ದೊಡ್ಡದು ಮಾಡಿರತ್ತೆ, ಅಷ್ಟೇ. ಎಲ್ಲಾ ಆಂಪು ಒಂದೇ ಬೋರ್ಡಿಂದ ತಗೊಳ್ಳಿ, ಬೇರೆ ಬೇರೆ ಗೋಡೆ ಸಾಕೆಟ್ಟಿಗೆ ಹಾಕಿದ್ರೆ ಅರ್ಥ್ ಲೂಪಾಗಿ ಇನ್ನೂ ಜಾಸ್ತಿ ಗುಂಯ್ ಅನ್ನತ್ತೆ. ಟ್ಯೂಬ್‌ಲೈಟು, ಫ್ರಿಡ್ಜ್ ಹತ್ರ ನಿಲ್ಬೇಡಿ. ಗುಂಯ್ ಹೋಗ್ಲಿ ಅಂತ ಮೂರ್ ಪಿನ್ನಲ್ಲಿ ಅರ್ಥ್ ಪಿನ್ ಕಿತ್ತಾಕೋ ಬುದ್ಧಿವಂತ್ರು ಇರ್ತಾರೆ, ಅಂಥೋರ್ ಮಾತು ಕೇಳ್ಬೇಡಿ. ಒಂದ್ ಕೈ ತಂತಿ ಮೇಲೆ, ತುಟಿ ಮೈಕಿಗೆ ತಗುಲ್ತು ಅಂದ್ರೆ ನೀವೇ ಎಲೆಕ್ಟ್ರಿಕ್ ಮಡ್ ಆಗ್ತೀರ.

ಕೆಫೇಲಿ ಜನ ನಗಲ್ಲ. ಸೌಂಡ್ ಜಾಸ್ತಿ ಇಟ್ರೆ ಎದ್ ಹೋಗ್ತಾರೆ, ಅಷ್ಟೇ.

ಗಾಂಧಿಬಜಾರ್_ರಿಫ್

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟೆಲ್ಲಾ ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ. ಫ್ಯೂಸ್ ಕ್ಯಾರಿಯರ್ ಸಾರ್, ನಿನ್ನೆ ಶೆಡ್ಡಲ್ಲಿ ಟೆಸ್ಟರ್ ಇಟ್ಟು ನೋಡುದ್ವಿ, ನೀವ್ ಹೇಳ್ದಂಗೇ ಇತ್ತು, ಅವ್ರಪ್ಪ ಎಲೆಕ್ಟ್ರಿಷಿಯನ್‌ಗೆ ಹೇಳಿದಾರೆ. ಅಲ್ಲೀವರ್ಗೂ ಪ್ರಾಕ್ಟೀಸ್ ಬಂದ್.

ಮಾವನ ಅಪ್‌ಡೇಟ್ ಕೊಡ್ಲೇಬೇಕು. ಇವತ್ತು ಬೆಳಿಗ್ಗೆ ಅವ್ರ ಮನೆಗೇ ಹೋಗಿದ್ದೆ, ಇಲ್ಲಿ ಬರ್ದಿದ್ದೆಲ್ಲಾ ಮೊಬೈಲಲ್ಲಿ ಓದಿ ಹೇಳ್ದೆ. ಗಿಟಾರ್ ಮಡ್ಡಿ ನುಡಿಸಿಲ್ಲ ಅನ್ನೋ ಜಾಗ ಬಂದಾಗ ನೋಡ್ದ್ಯಾ ಅನ್ನೋ ಥರ ತಲೆ ಆಡ್ಸಿದ್ರು. ಚೌಡಯ್ಯನವ್ರ ವಿಷ್ಯಕ್ಕೆ ಏನೂ ಮಾತಾಡ್ಲಿಲ್ಲ, ಅತ್ತೆ ಮಾತ್ರ ಒಳಗಿಂದ ಯಾರಮ್ಮ ಅದು ಜಾಣೆ ಅಂದ್ರು. ಆಮೇಲೆ ನಾನು ಸುಮ್ನೆ ಕೇಳ್ದೆ, ಮಾವ ನೀವು ಈ ರೆಕಾರ್ಡ್ ಪೂರ್ತಿ ಯಾವಾಗ್ ಕೇಳಿದ್ರಿ ಅಂತ. ಸ್ವಲ್ಪ ಹೊತ್ತು ಫ್ಯಾನ್ ನೋಡಿದ್ರು. ಕೇಳಿಲ್ವಂತೆ! ಎಂಬತ್ತರಲ್ಲೋ ಯಾವಾಗ್ಲೋ ಒಂದ್ ಮ್ಯಾಗಜೀನಲ್ಲಿ ಇದು ಮಡ್ಡಿಯ ಅತಿ ಕೆಟ್ಟ ರೆಕಾರ್ಡು ಅಂತ ಓದಿದ್ರಂತೆ, ಯಾರ ಹತ್ರಾನೂ ಸಿಕ್ಕಿರ್ಲಿಲ್ಲ, ಓದಿದ್ದನ್ನೇ ಮೂವತ್ತೈದು ವರ್ಷದಿಂದ ಹೇಳ್ಕೊಂಡ್ ಬಂದಿದಾರೆ.

ಇಲ್ಲಿಗ್ ಮುಗೀತು ಅಂದ್ಕೊಂಡ್ರೆ, ಆ ಕುಯ್ಯೋ ಅನ್ನೋ ಗಿಟಾರ್ ಯಾರ್ದು ಅಂದ್ರು. ಪೀಟ್ ಕೋಸಿ ಅಂದೆ. ಒಂದ್ ನಿಮಿಷ ಅಂತ ಎದ್ದು ಬೀರು ತೆಗ್ದು, ಕೆಳಗಿನ್ ಖಾನೇಲಿ ಕೈ ಹಾಕಿ ಒಂದ್ ಕ್ಯಾಸೆಟ್ ತೆಗೆದ್ರು, ಜಾಝ್‌ನ ಮೈಲ್ಸ್ ಡೇವಿಸ್‌ದು ಅಘಾರ್ತ, 1975ರ ಜಪಾನ್ ಕಛೇರಿ. ಕನ್ನಡಕ ಹಣೆ ಮೇಲೆ ಏರ್ಸಿ, ತಾವೇ ಬರ್ದಿಟ್ಟಿದ್ದ ಕಾರ್ಡ್ ಕಣ್ಣ ಹತ್ರ ಇಟ್ಕೊಂಡು ಓದಿದ್ರು, ಗಿಟಾರ್ ಪೀಟ್ ಕೋಸಿ. ಅವ್ರ ಅಕ್ಷರದಲ್ಲೇ! ಅದು ಅವ್ರ ಪ್ರಾಣದಂಥ ಕ್ಯಾಸೆಟ್ಟು, ನಂಗೆ ಮುಟ್ಟಕ್ಕೂ ಬಿಡ್ತಿರ್ಲಿಲ್ಲ. ಎರಡ್ ಸಲ ಆ ಕಾರ್ಡು ತಿರುವಿ ನೋಡಿ, "ಅಲ್ಲಿ ಚೆನ್ನಾಗ್ ನುಡಿಸಿದಾನೆ" ಅಂದ್ರು. ಇಲ್ಲಿ ಬಗ್ಗೆ ಏನೂ ಹೇಳ್ಲಿಲ್ಲ. ಹೊರಡೋವಾಗ ಮಾತ್ರ ಮುಂದಿನ್ ಭಾನುವಾರ ಅದನ್ನ ತಗೊಂಡ್ ಬಾ, ನಿಮ್ಮನೆ ಸೂಜಿ ಸವೆದಿದೆ, ಅದ್ರಲ್ಲಿ ಕೇಳಿದ್ರೆ ಯಾರ್ ನುಡಿಸಿದ್ರೂ ಡ್ರಿಲ್ಲಿಂಗ್ ಮಿಷನ್ನೇ ಅಂದ್ರು.

ಅಂದಂಗೆ ಹಾರ್ಡ್ ಅಗೇನ್ ಎಲ್‌ಪಿ ಯಾರ ಹತ್ರಾದ್ರೂ ಇದ್ಯಾ? ಕೊಂಡ್ಕೊಳಕ್ಕಲ್ಲ, ಒಂದ್ ಭಾನುವಾರದ ಮಟ್ಟಿಗೆ. ಹುಷಾರಾಗಿ ವಾಪಸ್ ತಂದ್ಕೊಡ್ತೀನಿ.

ಪ್ಯೂರ್‌ಬ್ಲೂಸ್_ಮಲ್ಲೇಶ್ವರಂ

ಇದೆ. ಕೊಡಲ್ಲ. ಭಾನುವಾರ ಎಷ್ಟ್ ಹೊತ್ತಿಗೆ ಅಂತ ಹೇಳಿ, ನಾನೇ ತರ್ತೀನಿ.